ಸ್ವಂತ ಮೈಯಲ್ಲಿ ರಕ್ತ ಹೆಚ್ಚಿಸಿಕೊಂಡ ರೋಗಿಯ ಬಗ್ಗೆ

ಸಂಖ್ಯೆ: ರಕ್ತ/ಸ್ವಂತ/17/2002-03
ಸರ್ಕಾರಿ ಆಸ್ಪತ್ರೆ, ನಂಜನಗೂಡು, ದಿನಾಂಕ: 12-02-2003

ವಿಷಯ: ರೋಗಿಗಳು ಪೂರ್ವಾನುಮತಿಯಿಲ್ಲದೆ ತಮ್ಮ ರಕ್ತವನ್ನು ತಾವೇ ಹೆಚ್ಚಿಸಿಕೊಳ್ಳುತ್ತಿರುವ ಕುರಿತು.

ಉಲ್ಲೇಖ: ಡಾ. ಪ್ರಿಯಂವದಾ ಅವರ ಸಮಜಾಯಿಷಿ (ಒಪ್ಪಿರುವುದಿಲ್ಲ).

ಮೂಗೂರಿನ ಕೂಲಿ ಹೆಂಗಸು ದೇವೀರಮ್ಮ ಎಂಬುವರಿಗೆ ಗರ್ಭಕೋಶದ ಗಡ್ಡೆಯಿಂದ ತಿಂಗಳು ತಿಂಗಳೂ ವಿಪರೀತ ರಕ್ತ ಹೋಗುತ್ತಿದ್ದು, ಅಕ್ಟೋಬರ್‌ನಲ್ಲಿ ಆಪರೇಷನ್ನಿಗೆ ಬಂದಾಗ ಹಿಮೋಗ್ಲೋಬಿನ್ ಏಳು ಇತ್ತು. ಪದ್ಧತಿಯಂತೆ ಎರಡು ಬಾಟಲಿ ರಕ್ತಕ್ಕೆ ನೆಂಟರನ್ನು ಕರೆತರಲು ಸೂಚಿಸಲಾಯಿತು. ಬಂದ ಒಂಬತ್ತು ಜನ ಗಂಡಸರು ನಿಶ್ಶಕ್ತಿಯಾಗುತ್ತದೆಂದು ಹೆದರಿ, ಗೇಟಿನ ಬಳಿ ಟೀ ಕುಡಿದು, ನರಸೀಪುರದ ಬಸ್ಸು ಹತ್ತಿದರು. ಇಲ್ಲಿಯವರೆಗೆ ಎಲ್ಲವೂ ನಿಯಮಾನುಸಾರವೇ ನಡೆದಿರುತ್ತದೆ.

ಆದರೆ ಸದರಿ ಡಾ. ಪ್ರಿಯಂವದಾ ಅವರು ಆಪರೇಷನ್ ಮುಂದೂಡಿ, ರಕ್ತಸ್ರಾವ ತಡೆಯುವ ಔಷಧಿ, ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಮಾತ್ರೆಯ ಜೊತೆ ಟೀ ಬೇಡ, ನಿಂಬೆಹಣ್ಣಿನ ಪಾನಕ ಕುಡಿಯಿರಿ, ನುಗ್ಗೆಸೊಪ್ಪು ತಿನ್ನಿ ಎಂದು ಹೇಳಿಕೊಟ್ಟಿದ್ದಾರೆ. ಎರಡೂವರೆ ತಿಂಗಳಲ್ಲಿ ಏಳು ಇದ್ದದ್ದು ಹನ್ನೊಂದೂವರೆ ಆಗಿದೆ. ಆಪರೇಷನ್ ದಿನ ದಾನಿಗಳ ಸಹಿಯ ಕಾಲಂ ಖಾಲಿ ಇದ್ದುದರಿಂದ ರೋಗಿಯನ್ನು ಥಿಯೇಟರ್ ಬಾಗಿಲಲ್ಲೇ ತಡೆದು ವಿಚಾರಿಸಲಾಗಿ, ಆಕೆ, "ಯಾರ ರಕ್ತಾನೂ ಬ್ಯಾಡ ಸಾ. ನನ್ ಮೈಲೇ ಮಾಡ್ಕೊಂಡಿವ್ನಿ. ಬ್ಯಾಗ ಕುಯ್ದು ಕಳ್ಸಿ" ಎಂದಿರುತ್ತಾರೆ. ಹೇಳುವಾಗ ಮುಖದಲ್ಲಿ ಹೆಮ್ಮೆಯೂ ಕಂಡುಬಂದಿರುತ್ತದೆ.

ಆದ್ದರಿಂದ ಸರ್ವರಿಗೂ ತಿಳಿಯಪಡಿಸುವುದೇನೆಂದರೆ:

1. ರಕ್ತವು ಬಾಟಲಿಯಲ್ಲಿ, ಚೀಟಿ ಸಮೇತ ಬರತಕ್ಕದ್ದು. ಮೈಯೊಳಗೇ ತಯಾರಾದದ್ದಕ್ಕೆ ಚೀಟಿ ಇಲ್ಲದ ಕಾರಣ ಅದನ್ನು ರಕ್ತವೆಂದು ಪರಿಗಣಿಸಲಾಗದು.

2. ತಮಗೆ ತಾವೇ ದಾನಿ ಎನ್ನುವವರು, ತಮಗೂ ತಮಗೂ ಇರುವ ನೆಂಟಸ್ತಿಕೆಯ ಬಗ್ಗೆ ಗ್ರಾಮಲೆಕ್ಕಿಗರಿಂದ ದೃಢೀಕರಣ ಪತ್ರ ತರತಕ್ಕದ್ದು. ಪತ್ರ ಬರುವವರೆಗೆ ರೋಗಿಯು ವಾರ್ಡಿನಲ್ಲೇ ಇರತಕ್ಕದ್ದು.

3. ಆಪರೇಷನ್ನಿಗೆ ಮುಂಚೆ ನುಗ್ಗೆಸೊಪ್ಪು ತಿನ್ನಲಿಚ್ಛಿಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸುವುದು. ಅದೇ ಸೊಪ್ಪಿನ ಬಸ್ಸಾರಿಗೆ ಬೇರೆ ಅರ್ಜಿ.

4. ರಕ್ತ ಕಳೆದುಕೊಳ್ಳುವುದಕ್ಕೆ ಯಾವುದೇ ಅನುಮತಿಯ ಅಗತ್ಯವಿರುವುದಿಲ್ಲ.

5. ದೇವೀರಮ್ಮನವರ ಉಳಿದ ಮಾತ್ರೆ, ಔಷಧಿ ಹಾಗೂ ನಾಲ್ಕು ನಿಂಬೆಹಣ್ಣುಗಳನ್ನು ಸಾಕ್ಷ್ಯವೆಂದು ವಶಪಡಿಸಿಕೊಂಡು ಬೀರುವಿನಲ್ಲಿಡಲಾಗಿದೆ. ನಿಂಬೆಹಣ್ಣುಗಳು ಕೊಳೆತಿರುತ್ತವೆ.

6. ದೇವೀರಮ್ಮನವರಿಗೆ ಸದರಿ ಪತ್ರ ಕೊಡಬೇಕಾದ ಗ್ರಾಮಲೆಕ್ಕಿಗರು ರಜೆಯ ಮೇಲಿದ್ದು ಐದು ವಾರಗಳಾಗಿವೆ. ಈ ಅವಧಿಯಲ್ಲಿ, ಪತ್ರಕ್ಕಾಗಿ ವಾರ್ಡಿನಲ್ಲೇ ಇರಿಸಲಾದ ರೋಗಿಗೆ ಮತ್ತೆ ರಕ್ತಸ್ರಾವವಾಗಿ, ನಿನ್ನೆ ಪರೀಕ್ಷಿಸಲಾಗಿ ಹಿಮೋಗ್ಲೋಬಿನ್ ಐದೂವರೆಗೆ ಇಳಿದಿರುವುದು ದೃಢಪಟ್ಟಿದೆ. ಹೊರಗಿನ ರಕ್ತ ಪಡೆಯಲು ಈಗ ಅವರು ಎಲ್ಲ ವಿಧದಲ್ಲೂ ಅರ್ಹರಾಗಿರುವುದನ್ನು ಇಲಾಖೆಯು ಸಮಾಧಾನದಿಂದ ಗಮನಿಸಿದೆ. ನೆಂಟರನ್ನು ಮತ್ತೊಮ್ಮೆ ಕರೆತರತಕ್ಕದ್ದು.

ಸಹಿ/-
(ಜಯತೀರ್ಥ)
ಅಧೀಕ್ಷಕರು

ಪ್ರತಿಗಳು:
1. ಡಾ. ಪ್ರಿಯಂವದಾ, ಸದ್ಯ ಉಗ್ರಾಣದಲ್ಲಿ ಹೊದಿಕೆ ಎಣಿಸುವ ಕರ್ತವ್ಯದ ಮೇಲೆ.
2. ಒಂಬತ್ತು ಜನ ನೆಂಟರಿಗೆ, ಪದ್ಧತಿ ಪಾಲಿಸಿದ್ದಕ್ಕಾಗಿ ಅಭಿನಂದನೆಗಳೊಂದಿಗೆ.
3. ಶ್ರೀಮತಿ ದೇವೀರಮ್ಮ, ಹೆಂಗಸರ ವಾರ್ಡು. ಎದ್ದು ಕೂರಲಾಗದ ಕಾರಣ, ಮಲಗಿದಲ್ಲೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು.