ಫೌಲು ಕಂಡ ಕಣ್ಣು

ವಿಷಯ ತಿಳಿದವನು ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಮುಗಿಯಿತು, ಮನುಷ್ಯ ಕೆಟ್ಟ ಎಂದೇ ತಿಳಿಯಬೇಕು. ಕುಡುಕ ಎಂಬ ಹೆಸರಾದರೂ ಸ್ವಲ್ಪ ಕಾಲ ಕುಡಿಯದಿದ್ದರೆ ಹೋಗುತ್ತದೆ, ಇದು ಹೋಗುವುದಿಲ್ಲ. ನನಗೆ ಈ ಹೆಸರು ಬಂದದ್ದು ಚಳ್ಳಕೆರೆಗೆ ಕೇಬಲ್ ಟಿವಿ ಬಂದ ಹೊಸದರಲ್ಲಿ. ಯಾವ ಚಾನೆಲ್ ತಿರುಗಿಸಿದರೂ ಅರ್ಥವಾಗದ ಭಾಷೆಯೇ ಬರುತ್ತಿದ್ದ ಆ ಕಾಲದಲ್ಲಿ, ಹೆಚ್ಚು ಮಾತೇ ಇಲ್ಲದ ಸ್ನೂಕರ್ ನನಗೆ ಹಿಡಿಸಿಬಿಟ್ಟಿತು. ಕರೀ ವೇಸ್ಟ್‌ಕೋಟು ತೊಟ್ಟ ಇಬ್ಬರು ಹಸಿರು ಮೇಜಿನ ಸುತ್ತ ಮೆಲ್ಲಗೆ ಸುತ್ತುವುದು, ಕೋಲಿನಿಂದ ಬಣ್ಣದ ಚೆಂಡುಗಳನ್ನು ತೂತಿಗೆ ತಳ್ಳುವುದು, ನೋಡುವವರು ಉಸಿರು ಬಿಗಿಹಿಡಿದು ಕೂರುವುದು. ನನ್ನ ಹೆಂಡತಿ ಶಾರದ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಯಾರು ತೀರ್ಕೊಂಡ್ರು ಅಲ್ಲಿ? ಯಾರೂ ಮಾತೇ ಆಡಲ್ಲ" ಎಂದು ವಿಚಾರಿಸಿದ್ದಳು.

ಸುಮ್ಮನೆ ನೋಡಿಕೊಂಡು ಇದ್ದಿದ್ದರೆ ಚೆನ್ನಾಗಿತ್ತು. ಆದರೆ ನಾನು ಕೆಲಸ ಮಾಡುತ್ತಿದ್ದ ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರಾದ ರುದ್ರಪ್ಪನವರ ಎದುರು ಆ ಆಟದ ನಿಯಮಗಳನ್ನು ವಿವರಿಸುವ ಬುದ್ಧಿ ನನಗೆ ಬಂತು. ರುದ್ರಪ್ಪನವರು ಊರಿನ ಕ್ಲಬ್ಬಿಗೂ ಅಧ್ಯಕ್ಷರು. ಅಲ್ಲಿ ದಾವಣಗೆರೆಯ ಯಾರೋ ಬೇಡವೆಂದು ಬಿಟ್ಟ ಹಳೆಯ ಸ್ನೂಕರ್ ಮೇಜೊಂದು ಇತ್ತು. ನೆಲ ಓರೆಯಾಗಿದ್ದುದರಿಂದ ಯಾರೂ ಮುಟ್ಟದಿದ್ದರೂ ಚೆಂಡುಗಳು ತಾವೇ ಒಂದು ಮೂಲೆಗೆ ಉರುಳುತ್ತಿದ್ದವು. ಯಜಮಾನರು ಸಹಜವಾಗಿಯೇ ಆ ಮೂಲೆಯಲ್ಲಿ ಪರಿಣತಿ ಸಾಧಿಸಿದ್ದರು.

ರ್‍ಯಾಂಕಿಂಗ್ ಟೂರ್ನಿ ಎಂಬ ಮಾತು ಅವರಿಗೆ ಬಹಳ ಹಿಡಿಸಿತು. "ನಾವೂ ಒಂದು ಮಾಡಾಣ. ಪ್ರೊಫೆಷನಲ್ ಅಂತಾನೇ ಹಾಕ್ಸಿ ಬೋರ್ಡಿನಾಗೆ."

"ಪ್ರೊಫೆಷನಲ್ ಅಂದ್ರೆ ಆಟಾನೇ ವೃತ್ತಿ ಆಗಿರಬೇಕಲ್ರಿ ಸಾಹುಕಾರ್ರೆ."

"ನಮಗೇನು ವೃತ್ತಿ ಇಲ್ಲೇನ್ರಿ? ನಂದು ಎಣ್ಣೆ, ಇನ್ನೊಬ್ಬನದು ಸಿಮೆಂಟು. ಎಲ್ಲಾರೂ ಪ್ರೊಫೆಷನಲ್ಲೇ."

ಹೀಗೆ ಟೂರ್ನಿ ನಿಶ್ಚಯವಾಯಿತು. ಬೇರೆ ದೇಶಗಳಲ್ಲಿ ಟೂರ್ನಿ ಮುಗಿದ ಮೇಲೆ ರ್‍ಯಾಂಕ್ ಗೊತ್ತಾಗುತ್ತದಂತೆ. ನಮ್ಮಲ್ಲಿ ಮೊದಲ ರ್‍ಯಾಂಕ್ ಯಾರದೆಂದು ಊರಿಗೆಲ್ಲ ಮೊದಲೇ ಗೊತ್ತಿತ್ತು. ಟೂರ್ನಿ ಅದಕ್ಕೆ ತಕ್ಕಂತೆ ನಡೆದುಕೊಂಡರೆ ಸಾಕಿತ್ತು. ವಿಷಯ ತಿಳಿದವನಾದ್ದರಿಂದ ನನ್ನನ್ನು ರೆಫರಿ ಮಾಡಿದರು. ಬಿಳಿ ಕೈಗವಸು ಮದುವೆ ಬ್ಯಾಂಡಿನವರಿಂದ ಬಂತು.

ಊರಿಗೆ ಗೊತ್ತಿದ್ದ ಹಾಗೆ ನಡೆದುಕೊಳ್ಳದೇ ಹೋದವನು ಮೊಳಕಾಲ್ಮೂರಿನಿಂದ ಬಂದ ಒಬ್ಬನೇ ಆಟಗಾರ. ಅವನು ನನ್ನ ಹೆಂಡತಿಯ ತಮ್ಮ ಪಾಲಾಕ್ಷಿ, ರೇಷ್ಮೆ ಸೀರೆ ವ್ಯಾಪಾರಿ. ಚಳ್ಳಕೆರೆಯ ವರ್ತಕರನ್ನು ಒಬ್ಬೊಬ್ಬರನ್ನಾಗಿ ಸೋಲಿಸಿ ಫೈನಲ್ಲಿಗೆ ಬಂದು ನಿಂತ. ಎದುರಿಗೆ ರುದ್ರಪ್ಪನವರು. ನನಗೆ ಅನ್ನ ಹಾಕುವವರು ಒಂದು ಕಡೆ, ಬಡಿಸುವವಳ ತಮ್ಮ ಇನ್ನೊಂದು ಕಡೆ. ಹೊರಡುವಾಗ ಶಾರದ, "ನನ್ ತಮ್ಮಂಗೆ ಮೋಸ ಮಾಡೀರಿ, ಹುಷಾರು" ಎಂದು ಎಚ್ಚರಿಸಿಯೇ ಕಳಿಸಿದ್ದಳು.

ಕೊನೆಗೆ ಮೇಜಿನ ಮೇಲೆ ಗುಲಾಬಿ ಮತ್ತು ಕಪ್ಪು ಚೆಂಡು ಮಾತ್ರ ಉಳಿದವು. ರುದ್ರಪ್ಪನವರು ಹೊಟ್ಟೆಯನ್ನು ಮೇಜಿನ ಮೇಲೇರಿಸಿ ಗುಲಾಬಿಗೆ ಗುರಿಯಿಟ್ಟರು. ಅವರ ಹೆಗಲಿನ ಶಲ್ಯ ಜಾರಿ ಕಪ್ಪು ಚೆಂಡನ್ನು ಸವರಿತು. ಚೆಂಡು ಅಲುಗಿದ್ದನ್ನು ನಾನು ಕಣ್ಣಾರೆ ಕಂಡೆ. ಕೈಗವಸಿನ ಮಹಿಮೆಯೋ ಏನೋ, ಯೋಚಿಸುವ ಮೊದಲೇ ನನ್ನ ಬಾಯಿ "ಫೌಲ್!" ಎಂದುಬಿಟ್ಟಿತು.

 ರುದ್ರಪ್ಪನವರು ನಿಧಾನವಾಗಿ ಎದ್ದು ನಿಂತರು. "ಏನ್ ಫೌಲು?"

"ಶಲ್ಯ ಚೆಂಡಿಗೆ ತಾಗ್ತು ಸಾಹುಕಾರ್ರೆ. ಬಟ್ಟೆ ತಾಗಿದ್ರೂ ಫೌಲೇ. ಕಪ್ಪಿನ ಏಳು ಪಾಯಿಂಟು ಪಾಲಾಕ್ಷಿಗೆ."

"ಆಡ್ತಿರೋದು ನಾನೋ, ನನ್ ಶಲ್ಯಾನೋ?"

ಪಾಲಾಕ್ಷಿ ಇದ್ದಾನಲ್ಲ ಎಂಬ ಧೈರ್ಯ ನನಗಿತ್ತು. ಆ ಏಳು ಪಾಯಿಂಟಿನಿಂದ ಗೆಲ್ಲುವವನು ಅವನೇ ತಾನೇ. ಅವನ ಕಡೆ ತಿರುಗಿದೆ. ಅವನು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಮುಗಿದು, "ಏಂ ಲೇದು ಸಾಹುಕಾರ್ರೆ, ಏನೂ ತಾಗಿಲ್ಲ. ನಾನೇ ಇಲ್ಲಿ ನಿಂತು ನೋಡೀನಿ. ನಮ್ಮ ಭಾವಂಗೆ ಕಣ್ಣು ಸರಿ ಇಲ್ಲ, ಪಾಪ" ಎಂದ.

ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ರುದ್ರಪ್ಪನವರು ಗುಲಾಬಿಯನ್ನೂ ಕಪ್ಪನ್ನೂ ತಮ್ಮ ಮೂಲೆಗೆ ಉರುಳಿಸಿ ಮೊದಲ ರ್‍ಯಾಂಕ್ ಪಡೆದರು. ಫಲಿತಾಂಶವನ್ನು ಮೈಕಿನಲ್ಲಿ ಘೋಷಿಸಿದವನು ನಾನೇ. ಮುಂದಿನ ವಾರ ಅವರ ಮಗಳ ಮದುವೆಯ ಅಷ್ಟೂ ಸೀರೆಗಳು ಪಾಲಾಕ್ಷಿಯ ಅಂಗಡಿಯಿಂದಲೇ ಬಂದವು. ಮನೆಯಲ್ಲಿ ಹೇಳಿಕೊಂಡರೆ ಶಾರದ, "ಅವನಿಗೆ ಬುದ್ಧಿ ಐತೆ. ನಿಮಗೆ ಕಣ್ಣೈತೆ, ಅಷ್ಟೇ" ಎಂದಳು.

ಯಜಮಾನರು ದೊಡ್ಡ ಮನಸ್ಸಿನವರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತಾವೇ ಕಾರು ಕೊಟ್ಟು ಚಿತ್ರದುರ್ಗದ ಕಣ್ಣಿನ ಡಾಕ್ಟರ ಬಳಿ ಕಳಿಸಿದರು. ಡಾಕ್ಟರು ಪರೀಕ್ಷಿಸಿ, "ಹದ್ದಿನ ಕಣ್ಣು ಕಣ್ರೀ ನಿಮ್ದು" ಎಂದು ಬೆನ್ನು ತಟ್ಟಿದರು. ಆ ಸುದ್ದಿ ಹೊತ್ತುಕೊಂಡು ಮಿಲ್ಲಿಗೆ ಹೋಗುವುದು ಹೇಗೆ? ಬರುವಾಗ ಸಂತೆಪೇಟೆಯಲ್ಲಿ ಇಳಿದು ಪವರ್ ಇಲ್ಲದ ಬರೀ ಗಾಜಿನ ಕನ್ನಡಕ ಕೊಂಡು ಹಾಕಿಕೊಂಡೆ.

"ಈಗ ಹೆಂಗ್ ಕಾಣ್ತೈತ್ರಿ?" ಎಂದು ರುದ್ರಪ್ಪನವರು ಅಕ್ಕರೆಯಿಂದ ಕೇಳಿದರು.

"ಬಾಳ ಸ್ಪಷ್ಟ ಐತ್ರಿ" ಎಂದೆ. ಮಿಲ್ಲಿನ ಎಣ್ಣೆಯ ಜಿಡ್ಡು ಅಷ್ಟರಲ್ಲೇ ಗಾಜಿಗೆ ಮೆತ್ತಿಕೊಂಡು, ಎದುರಿಗಿದ್ದ ಅವರ ಮುಖವೂ ನನಗೆ ಕಾಣುತ್ತಿರಲಿಲ್ಲ. ಅವತ್ತೇ ನನ್ನನ್ನು ಕ್ಲಬ್ಬಿನ ಖಾಯಂ ರೆಫರಿ ಮಾಡಿದರು.