ಕಾಶಿಗೆ ಹೊರಟ ಸಾರಿನ ಪುಡಿ

ಜನರನ್ನು ಯಾತ್ರೆಗೆ ಕರೆದುಕೊಂಡು ಹೋಗುವ ಕಸುಬು ಹಿಡಿದವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಟಿಕೆಟ್ ತೆಗೆದುಕೊಂಡು ನಮ್ಮ ಜೊತೆ ಹೊರಡುತ್ತದೆ. ಕಡೂರಿನ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಸಣ್ಣ ಆಫೀಸಿದೆ. ಮೊದಲೆಲ್ಲ ಬಸ್ಸಿನಲ್ಲೋ ರೈಲಿನಲ್ಲೋ ಹೋಗುತ್ತಿದ್ದೆವು. ಬಸ್ಸಾದರೆ ಏನಾದರೂ ಎಡವಟ್ಟಾದಾಗ ಡ್ರೈವರಿಗೆ ಗದರಿ ನಿಲ್ಲಿಸಬಹುದಿತ್ತು. ಈಗ ಎಲ್ಲರಿಗೂ ವಿಮಾನವೇ ಆಗಬೇಕು. ವಿಮಾನ ಹತ್ತುವ ಮುಂಚೆ ತಪಾಸಣೆ ಎಂಬುದೊಂದು ಇದೆ, ಅಲ್ಲಿ ನನ್ನ ಗದರಿಕೆ ನಡೆಯುವುದಿಲ್ಲ.

ನಾನು ಹೇಳಹೊರಟಿರುವುದು ನಮ್ಮ ಮೊದಲನೇ ವಿಮಾನದ ಕಾಶಿ ಯಾತ್ರೆಯ ಕಥೆ. ಅದಕ್ಕೂ ಮೊದಲು ನಮ್ಮ ಅಡುಗೆಯವರ ವಿಷಯ ಹೇಳಬೇಕು. ನಮ್ಮ ಯಾತ್ರೆಗೆ ಜನ ಬರುವುದು ನನ್ನ ಮುಖ ನೋಡಿ ಅಲ್ಲ, ತರೀಕೆರೆಯ ಈ ಅಡುಗೆಯವರ ಸಾರು ನೆನೆಸಿಕೊಂಡು. ಅವರ ಸಾರಿನ ಪುಡಿಯಲ್ಲಿ ಏನೇನಿದೆ ಎಂಬುದು ಅವರೊಬ್ಬರಿಗೇ ಗೊತ್ತು. ಬಾಗಿಲು ಹಾಕಿಕೊಂಡು ಹುರಿಯುತ್ತಾರೆ. ಪ್ರತಿ ಯಾತ್ರೆಗೂ ಜೊತೆಗೇ ಬರುವ ಹೆಂಡತಿಗೂ ಹೇಳಿಲ್ಲ ಎಂದು ಹೋದಲ್ಲೆಲ್ಲ ಹೇಳಿಕೊಳ್ಳುತ್ತಾರೆ. ನಾನು ಎಷ್ಟೋ ಸಲ ನಯವಾಗಿ ಕೇಳಿದ್ದೇನೆ, ಒಮ್ಮೆ ಜಗಳವಾಡಿಯೂ ಕೇಳಿದ್ದೇನೆ. ಬಾಯಿ ಬಿಡಲಿಲ್ಲ.

ಪುಡಿಯ ಡಬ್ಬಿಯನ್ನು ಲಗೇಜಿನಲ್ಲಿ ಹಾಕಿ, ಕೈಯಲ್ಲಿ ಹಿಡಿದುಕೊಂಡರೆ ತೊಂದರೆ ಎಂದು ಹೊರಟ ದಿನವೂ ಹೇಳಿದೆ. ಯಾರ್ಯಾರೋ ಮುಟ್ಟುವ ಜಾಗಕ್ಕೆ ಕೊಡುವುದಿಲ್ಲ ಎಂದರು. "ಡಬ್ಬಿ ಬಂದ್ರೆ ನಾನು ಬತ್ತೀನಿ. ಇಲ್ಲಾಂದ್ರೆ ಇಲ್ಲ" ಎಂದು ಅದನ್ನು ಎದೆಗವಚಿಕೊಂಡರು. ನನ್ನ ಜೀವ ಅಲ್ಲೇ ಅರ್ಧವಾಯಿತು. ಏಕೆಂದರೆ ನಮ್ಮ ಗುಂಪಿನ ಮುಕ್ಕಾಲು ಜನ ಹೊರಗಿನ ಊಟ ಮುಟ್ಟುವವರಲ್ಲ. ಅಡುಗೆಯವರು ಹಿಂದೆ ಉಳಿದರೆ ಇಷ್ಟು ಜನರನ್ನು ಕಾಶಿಯಲ್ಲಿ ಉಪವಾಸ ಕೂರಿಸಿದ ಪಾಪ ನನಗೆ.

೧. ಭಾಷಣ ಮಾಡಿದವಳು

ಅಜ್ಜಂಪುರದಿಂದ ಹೊರಟ ನಮ್ಮ ಬಸ್ಸು ತರೀಕೆರೆ ದಾಟಿ ಕಡೂರಿಗೆ ಬಂದಾಗ ನಾನು ಹತ್ತಿದೆ. ಹತ್ತಿದವಳೇ ಭಾಷಣ ಶುರುಮಾಡಿದೆ. ಚಾಕು ಇರಬಾರದು, ಬೆಂಕಿಪೊಟ್ಟಣ ಇರಬಾರದು, ಎಲೆ ಅಡಿಕೆ ಚೀಲದ ಅಡಕತ್ತರಿ ಇರಬಾರದು, ಮೈಮೇಲೆ ಬೇಡದ ಲೋಹ ಯಾವುದೂ ಇರಬಾರದು. ವಿಮಾನ ನಿಲ್ದಾಣ ಬರುವವರೆಗೂ ಹೇಳಿದ್ದನ್ನೇ ಹೇಳಿದೆ. ಪಾಪ, ನಮ್ಮ ಜನ ಒಂದೊಂದನ್ನೂ ತೆಗೆದು ಬಸ್ಸಿನಲ್ಲೇ ಇಟ್ಟರು. ಒಬ್ಬರಂತೂ ಬೆಲ್ಟ್ ಬಿಚ್ಚಿಟ್ಟು ಪ್ಯಾಂಟಿಗೆ ಗೋಣಿದಾರ ಕಟ್ಟಿಕೊಂಡರು.

ದಾರಿ ತೋರಿಸಬೇಕಲ್ಲ ಎಂದು ತಪಾಸಣೆಯ ಬಾಗಿಲನ್ನು ಎಲ್ಲರಿಗಿಂತ ಮೊದಲು ನಾನೇ ದಾಟಿದೆ. ಅದು ಕೂಗಿಕೊಂಡಿತು. ಸೊಂಟದಲ್ಲಿ ಆಫೀಸಿನ ಬೀಗದ ಕೈ ಗೊಂಚಲು, ಕೊರಳಲ್ಲಿ ಗುಂಪನ್ನು ಕರೆಯುವ ಸ್ಟೀಲಿನ ಪೀಪಿ, ಸೆರಗಿನ ಒಳಮಗ್ಗುಲಲ್ಲಿ ಎಲ್ಲರ ಬ್ಯಾಡ್ಜಿಗೆಂದು ಸಾಲಾಗಿ ಚುಚ್ಚಿಕೊಂಡಿದ್ದ ಪಿನ್ನುಗಳು. ಒಂದೊಂದೇ ತೆಗೆದು ಟ್ರೇಗೆ ಹಾಕುತ್ತಿದ್ದರೆ ಮುಗಿಯುತ್ತಲೇ ಇರಲಿಲ್ಲ. ನಮ್ಮವರೆಲ್ಲ ಶಾಲೆಯ ಮಕ್ಕಳ ಹಾಗೆ ಸಾಲಿನಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ಗೋಣಿದಾರದವರು ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಪಾಪ, ಮೇಡಮ್ಮಾರು ಡ್ರೈವರ್ ಪಕ್ಕ ನಿಂತಿದ್ರು. ಬಸ್ ಸದ್ದಿಗೆ ಅವ್ರು ಹೇಳಿದ್ದು ಅವ್ರಿಗೇ ಕೇಳ್ಸಿಲ್ಲ."

೨. ಯಗಟಿಯ ಕೊಬ್ಬರಿ

ಅಲ್ಲಿನ ಅಧಿಕಾರಿ ಹರಿಯಾಣದ ಕಡೆಯವರು, ಹಿಂದಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ನನಗೆ ಬರುವುದು ರೈಲಿನಲ್ಲಿ ಕಲಿತ ಹಿಂದಿ. ಅವರು ಒಬ್ಬೊಬ್ಬರಿಗೂ ಏನಾದರೂ ಕೇಳುವುದು, ಇವರು ನನ್ನ ಮುಖ ನೋಡುವುದು ನಡೆದು, ಕಡೆಗೆ ಅವರೇ ನನ್ನನ್ನು ಸಾಮಾನು ಸಾಗುವ ಬೆಲ್ಟಿನ ಪಕ್ಕ ನಿಲ್ಲಿಸಿಕೊಂಡರು.

ಮೊದಲು ಸಿಕ್ಕಿಬಿದ್ದದ್ದು ಯಗಟಿಯ ತೆಂಗಿನ ತೋಟದ ಯಜಮಾನರು. ಕಾಶಿಯಲ್ಲಿ ದೇವರ ಮುಂದೆ ಇಡಲೆಂದು ತಮ್ಮ ತೋಟದ ಕೊಬ್ಬರಿಯನ್ನು ಕೈಚೀಲದಲ್ಲಿ ತಂದಿದ್ದರು. ಅಧಿಕಾರಿ ಒಂದನ್ನು ಎತ್ತಿ ಹಿಡಿದು, ಇದನ್ನು ಒಯ್ಯುವ ಹಾಗಿಲ್ಲ, ಇದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುತ್ತದೆ ಎಂದರು. ದೇವರಿಗೆ ತಂದದ್ದು, ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ನಾನು ಅಳುಕುತ್ತಲೇ ಅದನ್ನು ಕನ್ನಡದಲ್ಲಿ ಹೇಳಿದೆ.

ಯಜಮಾನರ ಮುಖ ಅರಳಿಬಿಟ್ಟಿತು. ಎಣ್ಣೆ ಜಾಸ್ತಿ ಎಂದರೋ, ಬಹಳ ಜಾಸ್ತಿ ಎಂದರೋ, ಇನ್ನೊಂದು ಸಲ ಕೇಳಿ ಎಂದು ನನ್ನನ್ನು ಪೀಡಿಸಿದರು. ವಿಷಯ ಏನೆಂದರೆ, ಮಂಡಿಯ ವ್ಯಾಪಾರಿ ಪ್ರತಿ ವರ್ಷವೂ ಇವರ ಕೊಬ್ಬರಿ ಮುರಿದು ನೋಡಿ, ಎಣ್ಣೆ ಇಲ್ಲ ಎಂದು ಮೂಗು ಮುರಿಯುತ್ತಿದ್ದನಂತೆ. ನಾನು ತಡೆಯುವಷ್ಟರಲ್ಲಿ ಟ್ರೇಯಲ್ಲಿದ್ದ ಫೋನು ಎತ್ತಿಕೊಂಡು ಅವನಿಗೇ ಹಚ್ಚಿದರು. "ಲೇ, ನನ್ ಕೊಬ್ರೀಲಿ ಎಣ್ಣೆ ಇಲ್ಲ ಅಂತಿದ್ಯಲ್ಲಾ. ಇಲ್ಲಿ ಬಂದೂಕ ಹಿಡ್ಕಂಡಿರೋರೇ ಹೆದ್ರವ್ರೆ ಕಣೋ. ಇದಕ್ಕೇನಾದ್ರೂ ಕಿಡಿ ತಾಗಿದ್ರೆ ವಿಮಾನನೇ..."

ಅಷ್ಟರಲ್ಲಿ ನಾನು ಅವರ ಬಾಯಿ ಮುಚ್ಚಿದೆ. ಆ ಜಾಗದಲ್ಲಿ ಆ ಮಾತು ಪೂರ್ತಿಯಾಗಿದ್ದರೆ ನಾವೆಲ್ಲ ಕಾಶಿಗೆ ಬದಲು ಠಾಣೆಗೆ ಹೋಗುತ್ತಿದ್ದೆವು. ಕೊಬ್ಬರಿ ಕಸದ ಬುಟ್ಟಿಗೆ ಬಿತ್ತು, ಅದಕ್ಕೆ ಅವರಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಬುಟ್ಟಿಯ ಪಕ್ಕ ಅಧಿಕಾರಿಯನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಲು ಬಿಡಲಿಲ್ಲ ಎಂಬುದೊಂದೇ ಕೊರಗು.

ಇದನ್ನೆಲ್ಲ ನೋಡುತ್ತಿದ್ದ ಅಡುಗೆಯವರು ಡಬ್ಬಿಯನ್ನು ಶಾಲಿನೊಳಗೆ ಸೇರಿಸಿಕೊಂಡು, ಹಿಂದಿದ್ದವರಿಗೆ ಮುಂದೆ ಹೋಗಿ ಎಂದು ದಾರಿ ಬಿಟ್ಟರು.

೩. ಟವೆಲಿನ ಕೆಳಗೆ

ದಾರಿ ಸಿಕ್ಕಿ ಮುಂದೆ ಬಂದವರು ಎಮ್ಮೆದೊಡ್ಡಿಯ ದನದ ದಲ್ಲಾಳಿ. ದನ ಮೇಯುವ ಅಮೃತ್ ಮಹಲ್ ಕಾವಲಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವರು, ಎತ್ತಿನ ವ್ಯಾಪಾರದಲ್ಲಿ ಎತ್ತಿದ ಕೈ. ಅಧಿಕಾರಿ ಇವರ ಕೈಗಳನ್ನು ಅಗಲಿಸಿ ನಿಲ್ಲಿಸಿ, ಹೆಗಲಿಂದ ಕಾಲಿನವರೆಗೆ ತಟ್ಟಿ ಸವರಿ ನೋಡಿದರು. ಬೇರೆಯವರು ಕಚಗುಳಿ ಎಂದು ಕುಣಿದಾಡಿದ್ದರು. ಇವರು ಮಾತ್ರ ಗಂಭೀರವಾಗಿ ನಿಂತು, ಹುಡುಗನಿಗೆ ಕೈ ಪಳಗಿದೆ, ತಟ್ಟುವ ಜಾಗ ಗೊತ್ತಿದೆ ಎಂದು ನನಗೆ ಹೇಳಿದರು.

ಆಮೇಲೆ ಅಧಿಕಾರಿ ಒಂದು ಕಾಗದದ ಪಟ್ಟಿಯಿಂದ ಇವರ ಅಂಗೈ ಒರೆಸಲು ಕೈ ಹಿಡಿದುಕೊಂಡರು. ಮದ್ದುಗುಂಡಿನ ಪುಡಿ ಏನಾದರೂ ಅಂಟಿದೆಯೇ ಎಂದು ನೋಡುವ ಕ್ರಮ ಅದು. ದಲ್ಲಾಳಿಗೆ ಅದೇನು ಗೊತ್ತು? ದನದ ಸಂತೆಯಲ್ಲಿ ಒಬ್ಬರು ಮೈ ತಟ್ಟಿ ನೋಡಿ ಕೈ ಹಿಡಿದರೆ ಮುಂದಿನದು ರೇಟು. ಸುತ್ತಲಿನವರಿಗೆ ಕಾಣದ ಹಾಗೆ ಟವೆಲಿನ ಕೆಳಗೆ ಬೆರಳು ಒತ್ತಿ ರೇಟು ಹೇಳುವುದು ವಾಡಿಕೆ. ಇವರ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲನ್ನು ಎಳೆದು ಇಬ್ಬರ ಕೈಗಳ ಮೇಲೂ ಹೊದಿಸಿ, ಅಧಿಕಾರಿಯ ಬೆರಳುಗಳನ್ನು ಒತ್ತತೊಡಗಿತು.

ಅಧಿಕಾರಿ ಬೆಚ್ಚಿ ಕೈ ಕಿತ್ತುಕೊಂಡರು. ಪಕ್ಕದ ಸಾಲಿನಿಂದ ಇನ್ನೊಬ್ಬರು ಓಡಿ ಬಂದರು. ನಾನು ಗಾಬರಿಯಲ್ಲಿ ಇದ್ದಬದ್ದ ಹಿಂದಿಯನ್ನೆಲ್ಲ ಸುರಿದು, ಎತ್ತು, ಸಂತೆ, ಟವೆಲು, ಬೆರಳು ಎಂದು ವಿವರಿಸಿದೆ. ಕೇಳುತ್ತಾ ಕೇಳುತ್ತಾ ಅಧಿಕಾರಿ ನಕ್ಕುಬಿಟ್ಟರು. ಅವರ ತಾತನೂ ಎಮ್ಮೆ ವ್ಯಾಪಾರದವರಂತೆ, ಅವರ ಊರಲ್ಲೂ ಬಟ್ಟೆಯ ಕೆಳಗೇ ಮಾತಂತೆ. ಹಾಗಾದರೆ ನನಗೆಷ್ಟು ರೇಟು ಕಟ್ಟಿದರು, ಕೇಳಿ ಎಂದರು.

ದಲ್ಲಾಳಿ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಬಾಯಿ ತೆಗೀಲಿ ಮೊದ್ಲು. ಹಲ್ಲು ನೋಡ್ದೆ ನಾನು ಯಾವತ್ತೂ ರೇಟ್ ಹೇಳಿಲ್ಲ."

೪. ಅಜ್ಜಿಯ ಕರಡಿಗೆ

ಇಷ್ಟರಲ್ಲಿ ಹೆಂಗಸರ ಕಡೆಯಿಂದ ಕರೆ ಬಂತು. ಪರದೆಯ ಹಿಂದೆ ಅಜ್ಜಂಪುರದ ಅಜ್ಜಿ ಇದ್ದರು. ಅವರ ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಕರಡಿಗೆ. ಅದನ್ನು ತೆಗೆದು ಟ್ರೇಯಲ್ಲಿ ಹಾಕಿ ಎಂದು ತಪಾಸಣೆಯ ಹುಡುಗಿ ಕೈಸನ್ನೆ ಮಾಡಿದ್ದಾಳೆ. ದೀಕ್ಷೆಯಾದ ದಿನದಿಂದ ಮೈಬಿಟ್ಟು ಇಳಿಯದ ಲಿಂಗ ಅದು. ನನಗೆ ನಿಜವಾಗಿ ಸಂಕಟವಾಯಿತು. ಅಜ್ಜಿಗೆ ಮಾತ್ರ ಸಂಕಟವೇನೂ ಇರಲಿಲ್ಲ.

"ಇದು ನನ್ನ ಬಿಟ್ಟು ಹೋಗಲ್ಲ, ನಾನು ಇದನ್ನ ಬಿಟ್ಟು ಹೋಗಲ್ಲ" ಎಂದರು. "ಆ ಯಂತ್ರದೊಳಗೆ ಹೋಗ್ಲೇಬೇಕು ಅಂದ್ರೆ ನನ್ನೇ ಆ ಟ್ರೇನಲ್ಲಿ ಕೂರ್ಸಿ ಕಳ್ಸು ಅನ್ನು ತಾಯಿ. ಆ ಕಡೆ ನೀನು ಇಳಿಸ್ಕೊ." ಹೇಳಿ ಸುಮ್ಮನಾಗದೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಬೆಲ್ಟಿನ ಕಡೆಗೆ ಹೊರಟೇಬಿಟ್ಟರು. ಅಜ್ಜಿ ಮೂಳೆ ಚಕ್ಕಳದ ಆಳು, ಟ್ರೇಯಲ್ಲಿ ಹಿಡಿಸುತ್ತಿದ್ದರೇನೋ.

ಹುಡುಗಿ ಓಡಿಹೋಗಿ ತಬ್ಬಿ ಹಿಡಿದು ವಾಪಸು ಕರೆತಂದಳು. ತೆಗೆಯುವುದು ಬೇಡ, ಮೈಮೇಲೆ ಇದ್ದ ಹಾಗೆಯೇ ಮುಚ್ಚಳ ತೆಗೆದು ತೋರಿಸಿದರೆ ಸಾಕು ಎಂದಳು. ಅಜ್ಜಿ ಎಡಗೈಯಲ್ಲಿ ಹಿಡಿದು ತೋರಿಸಿದರು. ಹುಡುಗಿ ಬೂಟು ಕಳಚಿಟ್ಟು ನೋಡಿ ಕೈ ಮುಗಿದಳು. ನನ್ನ ಕಣ್ಣಲ್ಲಿ ನೀರೇ ಬಂತು. ಅಜ್ಜಿಗೆ ಇನ್ನೇನು ಬೇಕು, ಸೊಂಟದ ಚೀಲದಿಂದ ವಿಭೂತಿ ತೆಗೆದು ಹುಡುಗಿಯ ಹಣೆಗೆ ಅಗಲವಾಗಿ ಮೂರು ಬೆರಳು ಎಳೆದರು. ಅವಳು ಹಾಗೇ ಪರದೆ ಸರಿಸಿ ಮುಂದಿನವರನ್ನು ಕರೆದಳು. ಸಾಲಿನಲ್ಲಿದ್ದ ಹೆಂಗಸರು ಆ ಹಣೆ ನೋಡಿದ್ದೇ ತಡ, ಇಲ್ಲಿ ಅದೂ ಒಂದು ನಿಯಮ ಎಂದುಕೊಂಡು ಎಲ್ಲರೂ ಅಜ್ಜಿಯ ಮುಂದೆ ಹಣೆ ಒಡ್ಡಿದರು. ಅವರಲ್ಲಿ ನಮ್ಮ ಗುಂಪಿಗೆ ಸೇರದ, ಜೀನ್ಸ್ ತೊಟ್ಟ ಇಬ್ಬರು ಹುಡುಗಿಯರೂ ಇದ್ದರು.

೫. ಡಬ್ಬಿಯ ಸರದಿ

ದಾರಿ ಬಿಡಲು ಹಿಂದೆ ಯಾರೂ ಉಳಿಯದಿದ್ದಾಗ ಅಡುಗೆಯವರ ಸರದಿ ಬಂತು. ಡಬ್ಬಿ ಯಂತ್ರದೊಳಗೆ ಹೋಯಿತು, ನಿಂತಿತು, ಹಿಂದೆ ಬಂತು, ಮತ್ತೆ ಹೋಯಿತು. ಅಧಿಕಾರಿ ಅದನ್ನು ಎತ್ತಿಕೊಂಡು ಇದೇನು ಎಂದರು. ಪುಡಿ ಎಂದರು ಅಡುಗೆಯವರು. ಎಂಥ ಪುಡಿ ಎಂದರೆ ನಮ್ಮ ಪುಡಿ ಎಂದರು. ಅದರಲ್ಲಿ ಏನೇನಿದೆ ಎಂದು ಕೇಳಿದಾಗ ಮಾತ್ರ ಬಾಯಿಗೆ ಬೀಗ.

"ಅದೊಂದು ಕೇಳ್ಬೇಡಿ ಅನ್ನಿ" ಎಂದರು ನನಗೆ.

ತಪಾಸಣೆಯ ಜಾಗದಲ್ಲಿ ಗೊತ್ತಿಲ್ಲದ ಪುಡಿಯೊಂದನ್ನು ಮುಂದಿಟ್ಟುಕೊಂಡು, ಇದರಲ್ಲಿ ಏನಿದೆ ಎಂದು ಹೇಳುವುದಿಲ್ಲ ಎಂದರೆ ಏನಾಗಬೇಕೋ ಅದೇ ಆಯಿತು. ಅಧಿಕಾರಿಯ ನಗು ಮಾಯವಾಯಿತು. ಇನ್ನಿಬ್ಬರು ಬಂದು ನಿಂತರು. ಇದು ಬರೀ ಮಸಾಲೆ ಎಂದು ನಾನು ಬೇಡಿಕೊಂಡೆ. ಮಸಾಲೆಯಾದರೆ ಹೇಳಲಿಕ್ಕೇನು ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು.

ಅಡುಗೆಯವರು ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಕಷ್ಟ ಹೇಳಿಕೊಂಡರು. ಅಧಿಕಾರಿಗೆ ಹೇಳಲು ಅಭ್ಯಂತರವಿಲ್ಲ, ಆದರೆ ಅದನ್ನು ಹಿಂದಿಗೆ ತಿರುಗಿಸಬೇಕಾದವಳು ನಾನು. ಇಷ್ಟು ವರ್ಷ ಯಾರಿಂದ ಬಚ್ಚಿಟ್ಟರೋ ಅವಳ ಕಿವಿಗೇ ಹಾಕಬೇಕೇ? ಆಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. ನನ್ನನ್ನು ದೂರ ನಿಲ್ಲಿಸಿ, ಅಧಿಕಾರಿಯ ಹತ್ತಿರ ಹೋಗಿ, ಕಿವಿಯಲ್ಲಿ ಕನ್ನಡದಲ್ಲಿ ಎಲ್ಲವನ್ನೂ ಹೇಳಿದರು. ಅಧಿಕಾರಿ ತಲೆದೂಗುತ್ತಾ ಕೊನೆಯವರೆಗೂ ಕೇಳಿದರು. ಕೇಳಿ ಮುಗಿದ ಮೇಲೆ ನನ್ನ ಕಡೆ ತಿರುಗಿ, ಇವರು ಹೇಳಿದ್ದೇನು ಎಂದು ಕೇಳಿದರು.

ನಮ್ಮ ವಿಮಾನ ಹತ್ತುವವರು ಬನ್ನಿ ಎಂದು ಆಗ ಮೈಕಿನಲ್ಲಿ ಕೂಗು ಶುರುವಾಯಿತು. ಅಡುಗೆಯವರು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು. ನೀವೆಲ್ಲ ಹೋಗಿ, ನಾನು ಡಬ್ಬಿ ತೆಗೆದುಕೊಂಡು ತರೀಕೆರೆ ಬಸ್ಸು ಹತ್ತುತ್ತೇನೆ ಎಂದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಕಾಶಿಯಲ್ಲಿ ಇಷ್ಟು ಹೊಟ್ಟೆಗಳಿಗೆ ಏನು ಬಡಿಸಲಿ ಎಂದು ನಾನು ತಲೆ ಮೇಲೆ ಕೈ ಹೊತ್ತು ನಿಂತಿರುವಾಗ, ಹೆಂಗಸರ ಸಾಲು ಮುಗಿಸಿ ಅವರ ಹೆಂಡತಿ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಚಪ್ಪಲಿ. ಗಂಡನನ್ನು ನೋಡಿದರು, ಡಬ್ಬಿಯನ್ನು ನೋಡಿದರು, ನನ್ನ ಪಕ್ಕ ಬಂದು ನಿಂತರು.

"ನಾನು ಹೇಳ್ತೀನಿ, ನೀವು ಹಿಂದೀಲಿ ಹೇಳ್ಬಿಡಿ. ಕೊತ್ತಂಬ್ರಿ ಬೀಜ, ಬ್ಯಾಡಗಿ ಮೆಣಸಿನ್ಕಾಯಿ, ಜೀರಿಗೆ, ಮೆಂತ್ಯ, ಕರಿಮೆಣಸು, ನೆಳ್ಳಲ್ಲಿ ಒಣಗಿಸಿದ್ ಕರಿಬೇವು, ಇಂಗು."

ಒಂದೊಂದು ಹೆಸರಿಗೂ ಅಡುಗೆಯವರ ಮುಖ ಇಳಿಯುತ್ತಾ ಹೋಯಿತು. ನಾನು ಬಾಯಿಯಲ್ಲಿ ಹಿಂದಿ ಹೇಳುತ್ತಾ ಮನಸ್ಸಿನಲ್ಲಿ ಕನ್ನಡದಲ್ಲೇ ಉರುಹೊಡೆಯುತ್ತಿದ್ದೆ.

"ಆಮೇಲೆ ಯಾರ್ಗೂ ಗೊತ್ತಾಗ್ದಂಗೆ ಒಂಚೂರು ಮರಾಠಿ ಮೊಗ್ಗು" ಎಂದರು ಆಕೆ.

ಅಡುಗೆಯವರು ಎದ್ದು ನಿಂತರು. "ನಿಂಗ್ ಯಾರೇ ಹೇಳಿದ್ದು?"

"ಬಾಗ್ಲು ಹಾಕ್ಕೊಂಡ್ರೆ ನೀನ್ ಕಾಣಲ್ಲ. ವಾಸ್ನೆ ಬರಲ್ವಾ?"

ಹೋಗಲಿ, ಎಲ್ಲಾ ಮುಗಿಯಿತಲ್ಲ, ಬೀದಿಪಾಲಾಯಿತು ಎಂದು ಅಡುಗೆಯವರು ಮತ್ತೆ ಕೂತರು.

"ಎಲ್ ಮುಗೀತು, ಇನ್ನೊಂದೈತೆ" ಎಂದರು ಹೆಂಡತಿ. "ನೀನು ಹುರ್ದು ಆರಾಕ್ ಹಾಕಿ ಸ್ನಾನಕ್ ಹೋಗ್ತೀಯಲ್ಲ, ಆಗ ನಾನೊಂದ್ ಹಿಡಿ ಹುರುಳಿಕಾಳು ಹುರ್ದು ಅದ್ರೊಳಗೆ ಬೆರೆಸ್ತೀನಿ."

"ಯಾವತ್ತಿಂದ?"

"ಮದ್ವೆ ಆದಾಗಿಂದ. ಅದಕ್ ಮುಂಚೆ ನಿನ್ ಸಾರು ಯಾರ್ ಉಣ್ತಿದ್ರು?"

ಮೈಕಿನವರು ಇನ್ನೊಮ್ಮೆ ಕೂಗಿದರು. ಅಧಿಕಾರಿ ನನ್ನ ಹಿಂದಿ ಕೇಳಿ, ಮುಚ್ಚಳ ತೆಗೆದು ಮೂಸಿ, ಜೋರಾಗಿ ಸೀನಿ, ಮೆಣಸಿನಕಾಯಿ ಇರುವುದು ಕೈಯಲ್ಲಿ ಬೇಡ, ಲಗೇಜಿಗೆ ಕಳಿಸಿಬಿಡಿ ಎಂದರು. ವಿಮಾನದ ಕಂಪನಿಯ ಹುಡುಗಿಯೊಬ್ಬಳು ಚೀಟಿ ಹಿಡಿದು ಬಂದು, ಈ ಡಬ್ಬಿ ಯಾರದು, ಹೆಸರು ಹೇಳಿ ಎಂದಳು. ಇನ್ನೇನು, ಮುಟ್ಟಲು ಬಿಡುವುದಿಲ್ಲ ಎಂದು ಹಟ ಹಿಡಿಯುತ್ತಾರೆ, ವಿಮಾನ ತಪ್ಪುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಅಡುಗೆಯವರು ಡಬ್ಬಿಯನ್ನು ಒಮ್ಮೆ ನೋಡಿದರು. ಹೆಂಡತಿಯನ್ನು ಒಮ್ಮೆ ನೋಡಿದರು. ಆಮೇಲೆ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ವಿಮಾನದ ಕಡೆ ಹೊರಟರು.

"ಅವಳ್ ಹೆಸ್ರು ಬರ್ಕಳವ್ವ" ಎಂದರು. "ಡಬ್ಬಿ ಒಂದೇ ನಂದು."