ಹಳೆಯ ಡಿಸ್ಕಿನೊಳಗಿನ ಯಜಮಾನರು

ಹಳೆಯ ಸಾಮಾನು ಮಾರುವವನಿಗೆ ದೆವ್ವದ ಭಯ ಇರಬಾರದು. ನನಗೆ ಇದೆ, ಆದರೂ ಮಾರುತ್ತೇನೆ. ಸತ್ತವರ ಧೋತರ ಉಡಲು ಹಿಂಜರಿಯುವ ನಮ್ಮ ಜನ ಸತ್ತವರ ಕಂಪ್ಯೂಟರಿನ ಭಾಗ ಹಾಕಿಸಿಕೊಳ್ಳಲು ಹಿಂಜರಿಯುವುದಿಲ್ಲ. ಗೋಕಾಕದಲ್ಲಿ ನನ್ನ ರಿಪೇರಿ ಅಂಗಡಿ ನಡೆಯುತ್ತಿರುವುದೇ ಅವರ ಈ ಧೈರ್ಯದ ಮೇಲೆ. ಹುಕ್ಕೇರಿಯಲ್ಲಿ ಗುಜರಿಗೆ ಹೊರಟ ಯಂತ್ರದ ಕರುಳು ಬಗೆದು, ಮೂಡಲಗಿಯಲ್ಲಿ ಕೆಟ್ಟು ಕೂತದ್ದಕ್ಕೆ ಜೋಡಿಸುತ್ತೇನೆ. ‘ಸೆಕೆಂಡ್ ಐತ್ರಿ’ ಎಂದು ಮೊದಲೇ ಹೇಳುತ್ತೇನೆ. ಗಿರಾಕಿಗಳು ‘ನಡೀತೈತಿ ಬಿಡ್ರಿ’ ಅನ್ನುತ್ತಾರೆ. ಹಾರ್ಡ್ ಡಿಸ್ಕಾದರೆ ಇನ್ನೊಂದು ಬೇಡಿಕೆ: ‘ಅಳಸಬ್ಯಾಡ್ರಿ. ಕನ್ನಡ ಟೈಪಿಂಗು, ಬಿಲ್ ಮಾಡೂದು, ಒಳಗ ಏನೇನ್ ಐತಿ ಎಲ್ಲಾ ಇರ್ಲಿ.’ ಖಾಲಿ ಡಿಸ್ಕು ಕೊಟ್ಟರೆ ಮೋಸ ಮಾಡಿದೆನೆಂಬಂತೆ ನೋಡುತ್ತಾರೆ.

ಮೂಡಲಗಿಯ ಗೊಬ್ಬರದ ಅಂಗಡಿಯ ಮಲ್ಲಪ್ಪಣ್ಣನಿಗೂ ಹುಕ್ಕೇರಿಯ ತುಂಬಿದ ಡಿಸ್ಕೊಂದನ್ನು ಹಾಗೆಯೇ ಕೂಡಿಸಿ ಬಂದೆ. ವಾರದೊಳಗೆ ಫೋನು ಬಂತು. ‘ಸರ್, ಇದರಾಗ ಯಾರೋ ಅದಾರ್ರಿ. ಯಾರಂತ ನೋಡಿ ಹೇಳ್ರಿ.’

ವೈರಸ್ಸಿರಬೇಕೆಂದು ಹೋದೆ. ಮಧ್ಯಾಹ್ನ ಮೂರು ಗಂಟೆ, ಬೀದಿಯಲ್ಲಿ ನಾಯಿಯೂ ಇರದಂಥ ಬಿಸಿಲು, ಅಂಗಡಿಯಲ್ಲಿ ನಾವಿಬ್ಬರೇ. ಯಾರೂ ಕೀಲಿಮಣೆ ಮುಟ್ಟಿರಲಿಲ್ಲ. ಸ್ಪೀಕರು ಗೊರಗೊರ ಅಂದಿತು. ವಯಸ್ಸಾದ ಗಂಡಸಿನ ಮೆತ್ತನೆಯ ಧ್ವನಿ ಕೇಳಿತು: ‘ಗುಳಿಗಿ ತಗೊಂಡಿ ಇಲ್ಲೋ?’ ಆಮೇಲೆ ಮೌನ. ಬರೀ ಮೌನವಲ್ಲ, ಉತ್ತರಕ್ಕೆ ಕಾಯುವ ಮೌನ. ಒಳಗೆ ಯಾರೋ ಉಸಿರಾಡುತ್ತಿದ್ದರು. ನನ್ನ ಬೆವರು ಮೈಮೇಲೆಯೇ ತಣ್ಣಗಾಯಿತು. ಮಲ್ಲಪ್ಪಣ್ಣ ಎದ್ದು ಕೈಕಟ್ಟಿ ನಿಂತು, ‘ತಗೊಂಡೇನ್ರಿ’ ಎಂದ. ‘ಹೂಂ, ಬೇಷ್’ ಎಂದಿತು ಡಿಸ್ಕು.

ತಕ್ಷಣ ಅಳಿಸಲು ಕುಳಿತೆ. ಮಲ್ಲಪ್ಪಣ್ಣ ನನ್ನ ಕೈ ಹಿಡಿದ. ‘ಅಳಸಬ್ಯಾಡ್ರಿ. ಬಿಪಿ ಗುಳಿಗಿ ನುಂಗು ಅಂತ ಡಾಕ್ಟರ್ ಹೇಳಿ ಹೇಳಿ ಸಾಕಾದ್ರು. ಈಗ ಅಂಜಿ ನುಂಗಾಕತ್ತೇನಿ.’

ಯಾರೆಂಬುದು ಮುಂದೆ ತಾನಾಗಿಯೇ ತಿಳಿಯಿತು. ಹುಕ್ಕೇರಿಯ ಗಂಗವ್ವ ಬಸ್ಸು ಹಿಡಿದು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಆ ಕಂಪ್ಯೂಟರು ಅವರ ಯಜಮಾನರದು. ತಾವು ಹೊಲದಲ್ಲಿದ್ದಾಗ ಹೆಂಡತಿ ಗುಳಿಗೆ ಮರೆಯಬಾರದೆಂದು ಅವರು ತಮ್ಮ ಧ್ವನಿ ತುಂಬಿ, ದಿನವೂ ಮೂರಕ್ಕೆ ಕೇಳುವಂತೆ ಇಟ್ಟಿದ್ದರಂತೆ. ತೀರಿಕೊಂಡ ಮೇಲೂ ಕೇಳುತ್ತಲೇ ಇದ್ದರು.

‘ಹುಡುಗ್ರು ಅಂಜತಾವ ಅಂತ ಮೈದುನ ಮಾರಿಬಿಟ್ಟ ತಮ್ಮಾ. ಧ್ವನಿ ಹ್ವಾದ ಮ್ಯಾಲ ಗುಳಿಗಿ ಗಂಟಲದಾಗ ಇಳಿವಲ್ದು. ಮೊನ್ನಿ ತಲಿ ತಿರಗಿ ಬಚ್ಚಲದಾಗ ಬಿದ್ದೆ’ ಎಂದರು. ಹಣೆಯ ಮೇಲಿನ ಗಾಯ ಇನ್ನೂ ಹಸಿಯಾಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಅವರನ್ನು ಕರೆದುಕೊಂಡು ಆಗಲೇ ಮೂಡಲಗಿಗೆ ಹೊರಟೆ.

ಮೂರಾಯಿತು. ‘ಗುಳಿಗಿ ತಗೊಂಡಿ ಇಲ್ಲೋ?’ ಗಂಗವ್ವ ಸೆರಗು ಸರಿಮಾಡಿಕೊಂಡು ಗುಳಿಗೆ ನುಂಗಿ, ಅವಸರವಿಲ್ಲದೆ ಹೇಳಿದರು: ‘ತಗೊಂಡೆ. ನೀವು ಬುತ್ತಿ ಉಂಡ್ರಿ?’ ಅವರ ಮಾತು ಮುಗಿದದ್ದೂ ‘ಹೂಂ, ಬೇಷ್’ ಬಂದದ್ದೂ ಒಂದೇ. ಧ್ವನಿ ತುಂಬುವಾಗ ಯಜಮಾನರು ಆ ಮೌನವನ್ನು ಹೆಂಡತಿಯ ಮಾತಿನ ಅಳತೆಗೇ ಬಿಟ್ಟಿದ್ದರು. ಮಲ್ಲಪ್ಪಣ್ಣ ಮೆಲ್ಲಗೆ ಚಪ್ಪಲಿ ಬಿಟ್ಟ.

ಧ್ವನಿಯನ್ನು ಗಂಗವ್ವನ ಮೊಬೈಲಿಗೆ ಹಾಕಿಕೊಟ್ಟೆ. ಈಗ ತಪ್ಪದೆ ನುಂಗುತ್ತಾರೆ. ಅವರ ಮೊಬೈಲು ಕೆಟ್ಟರೆ ಇರಲೆಂದು ನನ್ನ ಅಂಗಡಿಯಲ್ಲೂ ಒಂದು ಪ್ರತಿ ಇಟ್ಟುಕೊಂಡೆ. ಮೂರಕ್ಕೆ ಅದು ನನ್ನನ್ನೂ ಕೇಳತೊಡಗಿತು. ಸಕ್ಕರೆ ಕಾಯಿಲೆಯ ಗುಳಿಗೆ ಜೇಬಿನಲ್ಲಿಟ್ಟುಕೊಂಡು ಕರದಂಟು ತಿನ್ನುವ ಮನುಷ್ಯ ನಾನು. ಎದ್ದು ನಿಂತು ನುಂಗತೊಡಗಿದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ಒಯ್ಯಲು ಬಂದ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಸ್ಪೀಕರು ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು. ‘ದಿನಾ ನಾ ಕೇಳಿದ್ರ ಕಿವ್ಯಾಗ ಹಾಕ್ಕೊಳೂದಿಲ್ಲ. ನನ್ನ ಮಾತ ಕೇಳಬೇಕಂದ್ರ ನಾನೂ ಸಾಯಬೇಕೇನು?’

‘ಹೂಂ, ಬೇಷ್.’

ಅಂದದ್ದು ನಾನಲ್ಲ ಎಂದರೆ ಅವಳು ಇವತ್ತಿಗೂ ಒಪ್ಪುವುದಿಲ್ಲ.